ಗುಡ್ಡದ ಒಳಗೆ, ನಿಮ್ಮ ಕೆಳಗೆ

ಹ್ವಾಯ್,

ಕಾಗದವಾದರೂ ಹೀಗೇ ಶುರು ಮಾಡುತ್ತೇನೆ. ಮದುವೆಯಾದ ದಿನದಿಂದ ನಿಮ್ಮನ್ನು ಬೇರೆ ಹೇಗೂ ಕರೆದವಳಲ್ಲ ನಾನು. ನಿಮ್ಮ ಹೆಸರನ್ನು ಮೊಟ್ಟಮೊದಲು ಬಾಯಿಬಿಟ್ಟು ಹೇಳಿದ್ದು ಇಲ್ಲಿ ಜರ್ಮನಿಯ ಸ್ಮಶಾನದ ಆಫೀಸಿನಲ್ಲಿ, ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸಿನ ಎದುರು. ಆಕೆಗೆ ಅರ್ಥವಾಗಲಿಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಎಂದಳು. ಹೇಳಿದೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ ಹೆದರಿಸುತ್ತಿದ್ದಳು. ಇನ್ನು ಕಡಿಮೆಯಾಗುವುದಕ್ಕೆ ಏನು ಉಳಿದಿತ್ತು ಹೇಳಿ?

ಕಳೆದ ತಿಂಗಳು ಒಂದು ಭಾನುವಾರ ನಾನೂ ನಿಮ್ಮ ಮಗಳು ಅನ್ವಿಯೂ ಆ ಸುರಂಗ ನೋಡಿ ಬಂದೆವು. ಅದೇ, ನಮ್ಮ ಬಿಲ್ಡಿಂಗಿನ ಹಿಂದಿನ ಗುಡ್ಡದ ಬುಡದಲ್ಲಿ ಹಸಿರು ಕಬ್ಬಿಣದ ಬಾಗಿಲಿನದು. ನಾವು ಈ ಮನೆಗೆ ಬಂದ ವಾರವೇ ನೀವು ಆ ಬಾಗಿಲಿನ ಬೋರ್ಡು ಓದಿಕೊಂಡು ಬಂದು ಹೇಳಿದ್ದಿರಿ. ಯುದ್ಧದ ಕಾಲದಲ್ಲಿ ಬಾಂಬು ಬೀಳುವಾಗ ಊರಿನವರು ಅಡಗಿಕೊಳ್ಳಲೆಂದು ಗುಡ್ಡದ ಹೊಟ್ಟೆ ಕೊರೆದು ಮಾಡಿದ್ದು, ಒಳಗೆ ಓಣಿಯ ಮೇಲೆ ಓಣಿ, ತಿಂಗಳಿಗೊಂದು ಭಾನುವಾರ ಮಾತ್ರ ಟೂರಿಸ್ಟುಗಳಿಗೆ ತೆಗೆಯುತ್ತಾರೆ ಎಂದು. ಅವತ್ತು ನಾನು ಇನ್ನೂ ಪೆಟ್ಟಿಗೆಗಳಿಂದ ಪಾತ್ರೆ ತೆಗೆಯುತ್ತಿದ್ದೆ. ಗುಡ್ಡದ ಹೊಟ್ಟೆಯಲ್ಲಿ ಏನಿದ್ದರೆ ನನಗೇನು, ಮೊದಲು ಕುಕ್ಕರಿನ ವಿಶಲ್ ಎಲ್ಲಿ ಹೋಯಿತು ನೋಡಿ ಎಂದು ರೇಗಿದ್ದೆ.

ನಿಮ್ಮ ಟೂರಿಸ್ಟ್ ಹುಚ್ಚು ಎಂತಹದ್ದಾಗಿತ್ತು! ವಾರವಿಡೀ ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ಜೀವ ತೇದು, ಶನಿವಾರ ಬೆಳಗಾಯಿತೆಂದರೆ ಅಗ್ಗದ ರೈಲು ಟಿಕೆಟ್ ಹಿಡಿದುಕೊಂಡು ನಿಂತಿರುತ್ತಿದ್ದಿರಿ. ನನ್ನ ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಬೆನ್ನಿಗೆ ಕೂಸು. ಯಾವುದೋ ರಾಜನ ಅರಮನೆ, ಯಾವುದೋ ಕೆರೆ, ಗಡಿಯಾರ ಮಾಡುವ ಯಾವುದೋ ಹಳ್ಳಿ. ಇಲ್ಲಿನವರೇ ನೋಡದ ಮ್ಯೂಸಿಯಮ್ಮುಗಳನ್ನೆಲ್ಲ ನಾವು ನೋಡಿದೆವು. ಕೆಲಸಕ್ಕೆಂದು ಬ್ಲೂ ಕಾರ್ಡ್ ವೀಸಾ ಕೊಟ್ಟ ದೇಶವನ್ನು ಪೂರ್ತಿ ನೋಡದಿದ್ದರೆ ಅವಮರ್ಯಾದೆ ಎನ್ನುತ್ತಿದ್ದಿರಿ. ಸುರಂಗ ಮಾತ್ರ ಉಳಿದುಹೋಯಿತು. ಅನ್ವಿ ಕೇಳಿದಾಗಲೆಲ್ಲ ಒಂದೇ ಮಾತು: “ಪಕ್ಕದ್ದೇ ಅಲ್ದಾ, ಕಾಂಬ. ಗುಡ್ಡಿ ಎಲ್ಲಿಗೂ ಓಡಿ ಹೋತಿಲ್ಲೆ.” ಓಡಿಹೋಗಲಿಲ್ಲ, ನಿಜ.

ನಿಮ್ಮನ್ನು ಕೊನೆಯ ಸಲ ನೋಡಿದ್ದು ಆಂಬುಲೆನ್ಸಿನ ಬಾಗಿಲು ಮುಚ್ಚುವಾಗ. ಚಪ್ಪಲಿ ಹಾಕಿಕೊಳ್ಳದೆ ಹೊರಟಿದ್ದಿರಿ. ಆಮೇಲೆ ಆಸ್ಪತ್ರೆಯವರು ಯಾರನ್ನೂ ಒಳಗೆ ಬಿಡಲಿಲ್ಲ, ಕೊರೊನಾದ ಆ ವರ್ಷ ಎಲ್ಲ ಕಡೆಯೂ ಹಾಗೇ ಇತ್ತಲ್ಲ. ಫೋನಿನಲ್ಲಿ ನಿಮ್ಮ ಉಸಿರಿನ ಸದ್ದು ಕೇಳಿಸಿದರು. ಮಾತಾಡಿ, ಅವರಿಗೆ ಕೇಳಿಸುತ್ತದೆ ಎಂದಳು ನರ್ಸು. ನಾನು ಏನು ಹೇಳಿದೆ ಗೊತ್ತಾ? ಅನ್ವಿಯ ಹಲ್ಲು ಬಿತ್ತು, ವಾಷಿಂಗ್ ಮಷೀನಿನವನು ಬಂದು ಹೋದ... ಇಂಥವೇ. ಬೇರೆ ಯಾವ ಮಾತೂ ಬಾಯಿಗೆ ಬರಲಿಲ್ಲ. ಕೇಳಿಸಿತಾ ನಿಮಗೆ?

ನೀವು ಹೋದ ಮೇಲೆ ಗೊತ್ತಾಯಿತು, ನಮ್ಮ ಕನ್ನಡದವರ ಗುಂಪಿಗೆ ಸಾವು ಎಂದರೆ ಏನೂ ಗೊತ್ತಿಲ್ಲ ಎಂದು. ಮನೆ ಹುಡುಕುವುದು ಗೊತ್ತು, ಅನ್‌ಮೆಲ್ಡುಂಗ್ ಎಂಬ ವಿಳಾಸ ನೋಂದಣಿ ಮಾಡಿಸುವುದು ಗೊತ್ತು, ಕಿಟಾ ಎಂಬ ಶಿಶುವಿಹಾರದಲ್ಲಿ ಮಗುವಿಗೆ ಸೀಟು ಹಿಡಿಯುವುದು ಗೊತ್ತು, ಕರಿಬೇವು ಯಾವ ಅಂಗಡಿಗೆ ಯಾವ ವಾರ ಬರುತ್ತದೆ ಎಂದೂ ಗೊತ್ತು. ಯಾರಿಗೂ ಸಾಯುವ ವಯಸ್ಸಾಗಿರಲಿಲ್ಲ, ಆದ್ದರಿಂದ ಸತ್ತವರನ್ನು ಏನು ಮಾಡಬೇಕು ಎಂದು ಯಾರೂ ಕೇಳಿಕೊಂಡಿರಲಿಲ್ಲ. ನಿಮಗೆ ಮೂವತ್ತೊಂಬತ್ತು. ನೀವೇ ಮೊದಲಿಗರು. ಎಲ್ಲದಕ್ಕೂ ನೀವೇ ಮುಂದಾಗುತ್ತಿದ್ದಿರಲ್ಲ, ಇದಕ್ಕೂ ಆದಿರಿ.

ಸುಟ್ಟ ಮೇಲೆ ನಿಮ್ಮನ್ನು ಒಂದು ಕಪ್ಪು ಬಣ್ಣದ ಮುಚ್ಚಿದ ಪಾತ್ರೆಯಲ್ಲಿ ಹಾಕಿದ್ದರು. ಅಂತ್ಯಸಂಸ್ಕಾರದ ಅಂಗಡಿಯ ಹೆಂಗಸು ಮೆತ್ತಗೆ ಕೇಳಿದಳು: ಮನೆಗೆ ಕೊಡುವ ಹಾಗಿಲ್ಲ, ಇಲ್ಲಿಯ ಕಾನೂನು, ಗುಡ್ಡದ ಮೇಲಿನ ಸ್ಮಶಾನ, ಫ್ರೀಡ್‌ಹೋಫ್‌ನಲ್ಲಿ ಜಾಗ ಇದೆ, ಅಲ್ಲಿ ಇಡೋಣವೇ ಎಂದು. ಮನೆಗೆ ತರುವ ಹಾಗಿಲ್ಲ ಎಂದಾಗ ನನಗೆ ಸಮಾಧಾನವೇ ಆಯಿತು. ನಮ್ಮಲ್ಲಿಯೂ ಅಸ್ಥಿಯನ್ನು ಹೊಸ್ತಿಲೊಳಗೆ ತರುವುದಿಲ್ಲವಲ್ಲ! ಮಡಕೆಯಲ್ಲಿ ಹಾಕಿ ಹಿತ್ತಿಲಿನ ಮರದ ಕೊಂಬೆಗೆ ಕಟ್ಟಿ ಇಡುವುದು, ಹೋಗುವ ದಿನ ಬಂದಾಗ ಬಿಚ್ಚಿಕೊಂಡು ನೀರಿಗೆ ಬಿಡುವುದು. ನಿಮ್ಮ ಅಪ್ಪನದು ಹಲಸಿನ ಮರದಲ್ಲಿ ಎಷ್ಟು ದಿನ ಇತ್ತು, ನೀವು ಜರ್ಮನಿಯಿಂದ ಬರುವ ತನಕ. ಇಲ್ಲಿ ಮರದ ಬದಲು ಮಣ್ಣು, ಅಷ್ಟೇ ಎಂದುಕೊಂಡೆವು ನಾವೆಲ್ಲ. ವಿಮಾನ ಹಾರುವುದಕ್ಕೆ ಶುರುವಾದ ಮೇಲೆ ತೆಗೆದುಕೊಂಡು ಗಂಗೊಳ್ಳಿಗೆ ಹೋಗುವುದು, ಅಳಿವೆಯಲ್ಲಿ ನಿಮ್ಮ ಅಪ್ಪನನ್ನು ಬಿಟ್ಟಲ್ಲೇ ಬಿಡುವುದು. ಹೌದು, ಇಡಿ ಎಂದೆ.

ಕಾರ್ಲ್ಸ್‌ರುಹೆಯಿಂದ ರಫೀಕಣ್ಣ ಬಂದಿದ್ದರು ಅವತ್ತು. ನಿಮ್ಮ ಜೊತೆ ಮೊದಲ ಕಂಪೆನಿಯಲ್ಲಿದ್ದ ಅದೇ ಮಂಗಳೂರಿನ ರಫೀಕಣ್ಣ. ಅವರದೇ ಕಾರಿನಲ್ಲಿ ನಾವು ಸ್ಮಶಾನಕ್ಕೆ ಹೋಗಿದ್ದು, ಜರ್ಮನ್ನಿನಲ್ಲಿ ಎಲ್ಲ ಮಾತಾಡಿದ್ದೂ ಅವರೇ. ಮಣ್ಣು ಮುಚ್ಚುವಾಗ ಅವರ ಮುಖ ಒಂಥರಾ ಆಗಿತ್ತು. ನಾನು ದುಃಖ ಎಂದುಕೊಂಡೆ. ಎಷ್ಟೋ ತಿಂಗಳ ಮೇಲೆ ಹೇಳಿದರು: “ನಮ್ಮಲ್ಲಿ ಮಣ್ಣು ಮಾಡಿದ ಮೇಲೆ ಮತ್ತೆ ತೆಗೆಯುವುದು ಅಂತ ಇಲ್ಲ ಸುಜಾತಕ್ಕ. ನಿಮ್ಮಲ್ಲಿ ಹೇಗೋ ಎಂತದೋ, ನಿಮ್ಮ ಶಾಸ್ತ್ರದಲ್ಲಿ ನಾನ್ಯಾಕೆ ಬಾಯಿ ಹಾಕುವುದು ಅಂತ ಸುಮ್ಮನಿದ್ದೆ.” ಅವರದೇನು ತಪ್ಪು? ಒಬ್ಬರ ಸಂಸ್ಕಾರದಲ್ಲಿ ಇನ್ನೊಬ್ಬರು ಮೂಗು ತೂರಿಸಬಾರದು ಎಂಬ ಮರ್ಯಾದೆ. ಆ ಮರ್ಯಾದೆಯಲ್ಲೇ ನಿಮ್ಮನ್ನು ಹೂತುಬಿಟ್ಟೆವು.

ವಿಮಾನ ಹಾರತೊಡಗಿತು. ನಾನು ಆಫೀಸಿಗೆ ಹೋಗಿ, ಊರಿಗೆ ಹೋಗುತ್ತಿದ್ದೇವೆ, ನಮ್ಮವರನ್ನು ಕೊಡಿ ಎಂದೆ. ಲಾಕರಿನಲ್ಲಿಟ್ಟ ಸಾಮಾನು ಕೇಳುವ ಹಾಗೆ ಕೇಳಿದೆ, ಈಗ ನೆನೆದರೆ ಮೈ ಬಿಸಿಯಾಗುತ್ತದೆ. ಆ ಕನ್ನಡಕದ ಹೆಂಗಸು ನನ್ನನ್ನು ನೋಡಿದ ರೀತಿ! ಇಲ್ಲಿ ‘ಟೋಟೆನ್‌ರೂಹೆ’ ಎಂದು ಒಂದಿದೆ, ಸತ್ತವರ ವಿಶ್ರಾಂತಿ. ಒಮ್ಮೆ ಮಣ್ಣಿಗಿಟ್ಟ ಮೇಲೆ ಹದಿನೈದು ವರ್ಷ ಅವರನ್ನು ಯಾರೂ ಎಬ್ಬಿಸುವಂತಿಲ್ಲ. ಹೆಂಡತಿಯೂ ಎಬ್ಬಿಸುವಂತಿಲ್ಲ. ತೀರಾ ದೊಡ್ಡ ಕಾರಣ ಬೇಕು. ಅವರ ತಾಯಿ ಕಾಯುತ್ತಿದ್ದಾರೆ, ನಮ್ಮಲ್ಲಿ ನೀರಿಗೆ ಬಿಡದಿದ್ದರೆ ಮುಗಿದ ಹಾಗಲ್ಲ, ನಮಗೆ ಗೊತ್ತಿರಲಿಲ್ಲ ಎಂದೆಲ್ಲ ಬರೆದು ಕೊಟ್ಟೆವು. ಆಗುವುದಿಲ್ಲ ಎಂದು ಬಂತು. ಇಡುವಾಗಲೇ ನಿಮಗೆ ಹೇಳಿದ್ದೆವಲ್ಲ ಎಂದರು. ಹೇಳಿದ್ದರು ಕೂಡ. ನಮ್ಮ ಕಿವಿಗೆ ಅದು ಮಡಕೆ, ಮರ, ಕೊಂಬೆ ಎಂದೇ ಕೇಳಿತು.

ಒಂದು ಕಡೆ ಹತ್ತು ನಿಮಿಷ ಕೂರದ ಮನುಷ್ಯ ನೀವು. ಹೋಟೆಲಿನಲ್ಲಿ ಕಾಫಿ ಬರುವುದರೊಳಗೆ ಎದ್ದು ಬೀದಿ ನೋಡಿ ಬರುತ್ತಿದ್ದವರು. ನಿಮಗೆ ಹದಿನೈದು ವರ್ಷ ವಿಶ್ರಾಂತಿಯಂತೆ. ಹೇಗಿದ್ದೀರಿ ಅಲ್ಲಿ? ನಾನು ಪ್ರತಿ ವಾರ ಬಂದು ಹೂ ಇಟ್ಟು, ಕಲ್ಲು ಒರೆಸಿ, ಸುಮ್ಮನೆ ನಿಂತು ಹೋಗುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ಒಂದು ದಿನವೂ ನೀವು ಅಲ್ಲಿದ್ದೀರಿ ಎಂದು ನನಗೆ ಅನಿಸಲಿಲ್ಲ. ಯಾರದೋ ಮನೆಯ ಬಾಗಿಲಲ್ಲಿ ನಿಂತು, ಒಳಗಿರುವವರು ಬರಬಹುದು ಎಂದು ಕಾದ ಹಾಗೆ ಅನಿಸುತ್ತಿತ್ತು.

ನಿಮ್ಮ ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬೊಜ್ಜದ ಉತ್ತರಕ್ರಿಯೆಯನ್ನು ನಿಮ್ಮ ಅಕ್ಕನ ಗಂಡ ಗಂಗೊಳ್ಳಿಯಲ್ಲೇ ಮಾಡಿದರು, ನಾವು ಮೊಬೈಲಿನಲ್ಲಿ ನೋಡಿದೆವು. ಅಸ್ಥಿ ಎಲ್ಲಿ ಎಂದು ಅಮ್ಮ ಕೇಳಿದಾಗ, ಮುದುಕಿಯ ಜೀವಕ್ಕೆ ಯಾಕೆ ಸಂಕಟ ಎಂದು ನಿಮ್ಮ ಅಕ್ಕ, ಜರ್ಮನಿಯಲ್ಲಿ ಮನೆಯ ಹಿಂದೆ ಮರಕ್ಕೆ ಕಟ್ಟಿದ್ದಾರೆ, ಬರುವಾಗ ತರುತ್ತಾರೆ ಎಂದುಬಿಟ್ಟರು. ಅಮ್ಮ ನಂಬಿದರು. ಅಮಾವಾಸ್ಯೆಗೊಮ್ಮೆ ಫೋನ್ ಮಾಡಿ, ಅಲ್ಲಿ ಹಿಮ ಬೀಳುತ್ತದಂತಲ್ಲ, ಮಡಕೆ ಒಡೆಯುವುದಿಲ್ಲವಾ ಎಂದು ಕೇಳುತ್ತಿದ್ದರು. ಸಮುದ್ರಕ್ಕೆ ಹೋದವರು ಬಾರದೆ ಇದ್ದರೂ ಅಮ್ಮ ಒಂದು ಮಟ್ಟಿಗೆ ತಡೆದುಕೊಳ್ಳುತ್ತಿದ್ದರೇನೋ. ಎಷ್ಟೆಂದರೂ ಮೀನಿನ ದೋಣಿ ನಡೆಸುವ ತಾಂಡೇಲನ ಹೆಂಡತಿ, ಇಡೀ ಜೀವಮಾನ ದೋಣಿಗಳನ್ನು ಕಾದವರು. ಆದರೆ ಮಗ ನೀರಿಗೇ ಸೇರದೆ ಉಳಿಯುವುದು ಎಂದರೆ... ಅದು ಅವರ ತಲೆಯೊಳಗೆ ಹೋಗುವ ಮಾತೇ ಅಲ್ಲ.

ಇನ್ನು ನಮ್ಮ ವಿಷಯ. ನಿಮ್ಮ ಬ್ಲೂ ಕಾರ್ಡಿನ ಬಾಲ ಹಿಡಿದು ಬಂದವರಲ್ಲವೇ ನಾನು ಮತ್ತು ಅನ್ವಿ? ನೀವು ಹೋದ ಮೇಲೆ ಒಂದು ವರ್ಷ ನನ್ನದೇ ಹೆಸರಿನಲ್ಲಿ ಇರಲು ಬಿಟ್ಟರು, ಆಮೇಲೆ ಇನ್ನೂ ಸ್ವಲ್ಪ ಕಾಲ. ಅಷ್ಟರೊಳಗೆ ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕು ಎಂದರು. ಕಿಟಾದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿ ನಾನು ನಿಂತಿದ್ದು ಅವರ ಲೆಕ್ಕಕ್ಕೆ ನಿಂತ ಹಾಗಾಗಲಿಲ್ಲ. ಈ ಬೇಸಿಗೆಗೆ ಮುಗಿಯಿತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಬೇಕು. ಕುರ್ಚಿ ಕೊಟ್ಟು, ನೀರು ಕೊಟ್ಟು, ಹೋಗಿ ಎಂದರು. ಹೋಗುವುದರೊಳಗೆ ನಿಮ್ಮನ್ನು ಹೇಗಾದರೂ ಹೊರಗೆ ತೆಗೆಯಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಹೋಗುವ ಮೊದಲು ಸುರಂಗ ನೋಡಬೇಕು ಎಂದವಳು ಅನ್ವಿ. ಪಾಪಾ ತೋರಿಸುತ್ತೇನೆ ಎಂದಿದ್ದರು, ನೀನಾದರೂ ತೋರಿಸು ಎಂದು ಜರ್ಮನ್ನಿನಲ್ಲಿ ಹೇಳಿದಳು. ಹನ್ನೊಂದಾಗಿದೆ ಅವಳಿಗೆ, ನನ್ನ ಭುಜಕ್ಕೆ ಬರುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್ನಿನಲ್ಲೇ ಉತ್ತರ. ಬಾಗಿಲಲ್ಲಿ ನಮಗೆಲ್ಲ ಹೆಲ್ಮೆಟ್ ಕೊಟ್ಟರು. ಹತ್ತು ಹನ್ನೆರಡು ಜನ ಇದ್ದೆವು, ಹೆಚ್ಚಿನವರು ತಲೆ ಹಣ್ಣಾದವರು, ಒಬ್ಬ ಜಪಾನಿ ಹುಡುಗ. ಹೊರಗೆ ಬೆವರಿಳಿಯುವ ಬಿಸಿಲು, ಒಳಗೆ ಕಾಲಿಟ್ಟರೆ ಮೀನಿನ ಐಸ್ ಪ್ಲಾಂಟಿನ ಚಳಿ. ನೀವಿದ್ದಿದ್ದರೆ ಜಾಕೆಟ್ ತಾ ಎಂದು ಮೊದಲೇ ಹೇಳುತ್ತಿದ್ದಿರಿ. ನಾನು ನಡುಗುತ್ತಾ ನಡೆದೆ.

ತೋರಿಸಲು ಬಂದವನು ಬಿಳಿ ಮೀಸೆಯ ಮುದುಕ, ನಿವೃತ್ತ ಮೇಷ್ಟರಂತೆ ಕಾಣುತ್ತಿದ್ದ. ಕೂಸಾಗಿದ್ದಾಗ ಅವನ ತಾಯಿ ಅವನನ್ನು ಹೊತ್ತುಕೊಂಡು ಇದೇ ಬೆಂಚಿನ ಮೇಲೆ ಕೂರುತ್ತಿದ್ದಳಂತೆ, ಅವನಿಗೆ ಏನೂ ನೆನಪಿಲ್ಲವಂತೆ. ಮರಳುಕಲ್ಲಿನ ಗೋಡೆ, ಅದರಲ್ಲಿ ಗುದ್ದಲಿ ಬಿದ್ದ ಗುರುತು ಇವತ್ತಿಗೂ ಹಸಿಯಾಗಿದೆ. ಗೋಡೆಯುದ್ದಕ್ಕೂ ಮರದ ಬೆಂಚು, ಪ್ರತಿ ಮನೆಯವರಿಗೂ ಗೊತ್ತುಮಾಡಿದ ಜಾಗ, ಮೇಲೆ ಬಣ್ಣದಲ್ಲಿ ಬರೆದ ನಂಬರು. ಕೈಯಲ್ಲಿ ತಿರುಗಿಸಿ ಗಾಳಿ ಎಳೆಯುವ ಒಂದು ಯಂತ್ರ. ಅನ್ವಿ ಅದನ್ನು ತಿರುಗಿಸಿದಳು, ಈಗಲೂ ಗಾಳಿ ಬಂತು. ಜನ ಫೋಟೋ ತೆಗೆದರು. ನಾನೂ ತೆಗೆದೆ. ಟೂರಿಸ್ಟ್ ಎಂದ ಮೇಲೆ ತೆಗೆಯಬೇಕಲ್ಲ.

ಆಮೇಲೆ ಮುದುಕ ಹೇಳಿದ, ಇದನ್ನು ಅಗೆದವರು ಈ ಊರಿನವರಲ್ಲ. ಜರ್ಮನಿ ಯುದ್ಧದಲ್ಲಿ ಗೆದ್ದುಕೊಂಡ ದೇಶಗಳಿಂದ ದುಡಿಸಲು ಹಿಡಿದು ತಂದವರು, ಫ್ರಾನ್ಸಿನವರು, ಪೋಲೆಂಡಿನವರು, ರಷ್ಯಾದವರು. ಸೈರನ್ ಆದಾಗ ಊರಿನವರೆಲ್ಲ ಒಳಗೆ ಬಂದರೆ ಅಗೆದವರನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಹೊರಗೆ ಚರಂಡಿಯಲ್ಲಿ ಮಲಗಿಕೊಳ್ಳುತ್ತಿದ್ದರಂತೆ. ನನಗೆ ಆ ಹೊತ್ತಿಗೆ ನಾವೇ ನೆನಪಾದೆವು. ನೀವು ಅದಕ್ಕೆ ಬೈಯುತ್ತಿದ್ದಿರಿ, ಗೊತ್ತು. ನಮ್ಮನ್ನು ಯಾರೂ ಹಿಡಿದು ತರಲಿಲ್ಲ, ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ನಾವೇ ಪರೀಕ್ಷೆ ಬರೆದು, ಪೆಟ್ಟಿಗೆ ಕಟ್ಟಿಕೊಂಡು, ಸೆಲ್ಫಿ ತೆಗೆದುಕೊಂಡು ಬಂದವರು. ಅವರ ಪಕ್ಕದಲ್ಲಿ ನಮ್ಮನ್ನು ಇಟ್ಟುಕೊಳ್ಳುವುದು ನಾಚಿಕೆಗೇಡು. ಆದರೂ ಬಂತು, ಏನು ಮಾಡಲಿ?

ಸುರಂಗದ ಕೊನೆಯ ಓಣಿಯಲ್ಲಿ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇರುಗಳು ಕೂದಲಿನ ಹಾಗೆ ಕೆಳಗೆ ಇಳಿದಿದ್ದವು. ಲಿಂಡೆನ್ ಮರದ ಬೇರು, ಮೇಲೆ ಫ್ರೀಡ್‌ಹೋಫ್ ಇದೆ ಎಂದ ಮುದುಕ. ನನಗೆ ಗುಡ್ಡದ ಮೇಲೆ ಸ್ಮಶಾನ ಎಂದು ಗೊತ್ತು, ಗುಡ್ಡದ ಕೆಳಗೆ ಸುರಂಗ ಎಂದು ಗೊತ್ತು, ಎರಡನ್ನೂ ಒಂದಕ್ಕೊಂದು ಸೇರಿಸಿ ಯೋಚಿಸಿದವಳೇ ಅಲ್ಲ. ಅನ್ವಿ ಮಾತ್ರ ಮುಂದೆ ಹೋಗಿ ಅವನನ್ನು ಕೇಳಿದಳು. ಸ್ಮಶಾನದ ಯಾವ ಕಡೆ, ಹಳೆಯ ಕಡೆಯೋ ಹೊಸ ಕಡೆಯೋ? ಹೊಸದು, ಸುಟ್ಟವರನ್ನು ಇಡುವ ಕಡೆ, ಸರಿಸುಮಾರು ನಮ್ಮ ತಲೆಯ ಮೇಲೆ ಎಂದ. “ಹಾಗಾದರೆ ನನ್ನ ಪಾಪಾ ಇಲ್ಲೇ ಮೇಲೆ ಇದ್ದಾರೆ” ಎಂದಳು, ಬಸ್ ಸ್ಟಾಪ್ ತೋರಿಸುವವಳ ಹಾಗೆ.

ಆ ಮುದುಕ ಒಳ್ಳೆಯವನು. ಮಾಮೂಲಿನಂತೆ ಆ ಜಾಗದಲ್ಲಿ ಅವನು ದೀಪ ಆರಿಸಿ ತೋರಿಸುತ್ತಾನಂತೆ, ಕರೆಂಟು ಹೋದಾಗ ಜನ ಹೇಗೆ ಕೂತಿದ್ದರು ಎಂದು. ಆರಿಸಲೋ ಬೇಡವೋ ಎಂದು ಅನ್ವಿಯನ್ನೇ ಕೇಳಿದ. ಆರಿಸಿ ಎಂದಳು. ಕತ್ತಲೆಯಾಯಿತು. ಗೋಡೆಗೆ ಆಗ ಬಳಿದ ಹೊಳೆಯುವ ಬಣ್ಣ ಮಾತ್ರ ಮಸುಕಾಗಿ ಹಸಿರಾಗಿ ಕಾಣುತ್ತಿತ್ತು. ನಾನು ಅಲ್ಲಿ ಅತ್ತೆ. ಭಾನುವಾರ ಗದ್ದಲ ಮಾಡಬಾರದ ಊರು ಇದು, ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟುತ್ತಾಳೆಂದು ಎರಡು ವರ್ಷ ದಿಂಬಿಗೆ ಮುಖ ಒತ್ತಿ ಅತ್ತವಳು, ಅವತ್ತು ಬಾಯಿಬಿಟ್ಟು ಅತ್ತೆ. ಕೈ ಎತ್ತಿ ಛಾವಣಿ ಮುಟ್ಟಿದೆ. ತಣ್ಣಗಿತ್ತು, ಒದ್ದೆಯಾಗಿತ್ತು. ಮೇಲಿನಿಂದ ನೋಡಿದಾಗ ಬಾರದ ನೀವು ಕೆಳಗಿನಿಂದ ಮುಟ್ಟಿದಾಗ ಬಂದಿರಿ. ಇಷ್ಟು ಹತ್ತಿರ ಇದ್ದೀರಿ, ನಡುವೆ ಇಷ್ಟು ಕಲ್ಲು, ಇದನ್ನು ಒಡೆಯಲು ನನ್ನ ಕೈಲಿ ಏನೂ ಇಲ್ಲ ಎಂದು ಗೊತ್ತಾಯಿತು. ಅವತ್ತಿನ ತನಕ ನಾನು ನಿಮ್ಮನ್ನು ಕಳೆದುಕೊಂಡಿದ್ದೆ. ಅವತ್ತು ನಿಮ್ಮನ್ನು ಬಿಟ್ಟುಹೋಗುತ್ತಿದ್ದೇನೆ ಎಂದು ಅನಿಸಿತು, ಅದು ಇನ್ನೂ ಕೆಟ್ಟದ್ದು.

ದೀಪ ಹಾಕಿದ ಮೇಲೆ ಮುದುಕ ಕಥೆಯ ಉಳಿದ ಭಾಗ ಹೇಳಿದ. ಅಗೆಯುವಾಗ ಸತ್ತವರನ್ನು ಇದೇ ಸ್ಮಶಾನದ ಬೇಲಿಯ ಬದಿಗೆ ಹೂಳುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಫ್ರಾನ್ಸಿನಿಂದ ಜನ ಪೆಟ್ಟಿಗೆ ಹಿಡಿದುಕೊಂಡು ಬಂದು ತಮ್ಮವರನ್ನೆಲ್ಲ ತೆಗೆದುಕೊಂಡು ಹೋದರಂತೆ. ರಷ್ಯಾದವರನ್ನೂ ಪೋಲೆಂಡಿನವರನ್ನೂ ಕೇಳಿ ಯಾರೂ ಬರಲಿಲ್ಲ, ಅವರು ಇನ್ನೂ ಇದ್ದಾರೆ. ತೆಗೆದುಕೊಂಡು ಹೋದರೆ? ಇದೇ ಮಣ್ಣಿನಿಂದ? ಹೊರಗೆ ಬಂದ ಮೇಲೆ ಅವನ ತೋಳು ಹಿಡಿದು, ನನ್ನ ಮುರುಕು ಜರ್ಮನ್ನಿನಲ್ಲಿ ಕೇಳಿದೆ, ಅವರನ್ನು ಬಿಟ್ಟರಲ್ಲ, ಅವರಿಗೆ ವಿಶ್ರಾಂತಿ ಇರಲಿಲ್ಲವೇ ಎಂದು. ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸಿದ. ಅದು ದೇಶ ದೇಶಗಳ ನಡುವಿನ ಮಾತು, ನೀವು ಒಬ್ಬರೇ, ಆದರೂ ಕೇಳಿ ನೋಡಿ ಎಂದ. ಕೇಳಿ ನೋಡಿ ಎಂಬ ಒಂದು ಮಾತು ಹಿಡಿದುಕೊಂಡು ನಾನು ಗುಡ್ಡ ಹತ್ತಿದೆ.

ಹತ್ತುವಾಗ ನಾನು ಅನ್ವಿಗೆ ಹೇಳುತ್ತಲೇ ಇದ್ದೆ, ಇನ್ನೊಮ್ಮೆ ಬರೆಯೋಣ, ಫ್ರಾನ್ಸಿನವರ ವಿಷಯ ಹಾಕೋಣ, ಪಾಪಾರನ್ನು ಜೊತೆಗೇ ಕರೆದುಕೊಂಡು ಹೋಗೋಣ ಎಂದು. ನಿಮ್ಮ ಕಲ್ಲಿನ ಹತ್ತಿರ ಬಂದಾಗ ಅವಳು ನಿಂತಳು. ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ ಮಾತಾಡಿದಳು, ತಡವರಿಸಿ ತಡವರಿಸಿ: “ಅಮ್ಮ, ನನ್ನನ್ನು ಯಾರೂ ಕೇಳಲಿಲ್ಲ. ಪಾಪಾ ಇಲ್ಲಿದ್ದಾರೆ. ನಾನು ಸ್ಕೂಲ್ ಬಿಟ್ಟ ಮೇಲೆ ಸೈಕಲ್‌ನಲ್ಲಿ ಬರ್ತೇನೆ, ನಿನಗೆ ಗೊತ್ತಿಲ್ಲ. ಸಮುದ್ರಕ್ಕೆ ಹಾಕಿದರೆ ನಾನು ಎಲ್ಲಿಗೆ ಹೋಗ್ಲಿ?” ನೀವು ಅಲ್ಲಿ ಇಲ್ಲ ಎಂದು ನಾನು ಎರಡು ವರ್ಷ ಅಂದುಕೊಂಡ ಜಾಗದಲ್ಲಿ ಅವಳು ನಿಮ್ಮ ಜೊತೆ ಹೋಮ್‌ವರ್ಕ್ ಮಾಡುತ್ತಿದ್ದಳಂತೆ. ನೀವಾದರೂ ಅವಳಿಗೆ ಏನಾದರೂ ಹೇಳಿದ್ದಿರಾ? ಹೇಗಿದ್ದರೂ ಅವಳಿಗೆ ಸೋಲೇ. ನಿಮ್ಮನ್ನು ತೆಗೆದರೆ ನೀವು ಸಮುದ್ರಕ್ಕೆ ಹೋಗುತ್ತೀರಿ, ತೆಗೆಯದಿದ್ದರೆ ನಿಮ್ಮನ್ನು ಬಿಟ್ಟು ಅವಳು ಹೋಗುತ್ತಾಳೆ.

ಆದರೂ ನಾನು ಹೋದೆ ಆಫೀಸಿಗೆ. ತಾಯಿಯೇ ಮಗಳ ಬೆನ್ನಿಗೆ ಇರಿದ ಹಾಗೆ ಅನಿಸಿತು, ಹೋದೆ. ರಫೀಕಣ್ಣ ರಜೆ ಹಾಕಿ ಬಂದಿದ್ದರು. 'ಟೋಟೆನ್‌ರೂಹೆ' ಎಂದಳು ಅದೇ ಹೆಂಗಸು, ಈ ಸಲ ಇನ್ನೂ ಮೆತ್ತಗೆ. ಯುದ್ಧದಲ್ಲಿ ಸತ್ತವರಿಗೆ ಬೇರೆ ಕಾನೂನು. ಇಲ್ಲೇ ಉಳಿದವರನ್ನು ಎಂದೆಂದಿಗೂ ಕೀಳುವಂತಿಲ್ಲ, ಅವರ ಜಾಗ ಶಾಶ್ವತ. ನಿಮ್ಮವರದು ಹದಿನೈದು ವರ್ಷ. ಆಮೇಲೆ ಯಾರೂ ಬಂದು ಕೇಳದಿದ್ದರೆ ಕಲ್ಲು ತೆಗೆದು, ಎಲ್ಲರ ಜೊತೆ ಒಂದೇ ಗುಂಡಿಗೆ ಸೇರಿಸುತ್ತಾರೆ. ದೇಶ ಬಿಟ್ಟು ಹೋಗುತ್ತಿದ್ದೇವೆ ಎನ್ನುವುದು ಕಾರಣವಲ್ಲವೇ ಎಂದು ರಫೀಕಣ್ಣ ಕೇಳಿದರು. ಅಲ್ಲ. ಜೀವಂತ ಇರುವವರು ಹೋಗುತ್ತಿರುತ್ತಾರೆ, ಅದಕ್ಕಾಗಿ ಸತ್ತವರನ್ನು ಎಬ್ಬಿಸಲಾಗುವುದಿಲ್ಲ ಎಂದಳು. ನನ್ನ ಕಡೆ ಟಿಶ್ಯೂ ಪೆಟ್ಟಿಗೆ ಸರಿಸಿದಳು. ನಾನು ಒಂದೂ ತೆಗೆದುಕೊಳ್ಳಲಿಲ್ಲ. ಬಿಡಿ, ಅಷ್ಟು ಸೊಕ್ಕಾದರೂ ನನಗಿರಲಿ.

ಕಾರಿನಲ್ಲಿ ರಫೀಕಣ್ಣ ತಿಂಗಳಿಗೊಮ್ಮೆ ಕಾರ್ಲ್ಸ್‌ರುಹೆಯಿಂದ ಬಂದು ನಿಮ್ಮನ್ನು ನೋಡಿಕೊಂಡು ಹೋಗುವೆನೆಂದು ಹೇಳಿದರು. ನಮ್ಮ ಪ್ರಾರ್ಥನೆ ಹೇಳಬಹುದಾ, ನಿಮ್ಮವರಿಗೆ ಬೇಜಾರಾಗುವುದಾ ಎಂದು ಕೇಳಿದರು. ಹೇಳಿ, ಅವರ ಜೊತೆ ಮಾತಾಡುವವರು ಯಾರಾದರೂ ಇದ್ದರೆ ಸಾಕು ಎಂದೆ. ಅವರೂ ಸಿಂಗಾಪುರದ ಕಡೆ ಕೆಲಸ ನೋಡುತ್ತಿದ್ದಾರೆ ಎಂದು ಅವರ ಹೆಂಡತಿ ನನಗೆ ಹೇಳಿದ್ದಾಳೆ. ನಾನು ಅದನ್ನು ಎತ್ತಲಿಲ್ಲ.

ನಿನ್ನೆ ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿದೆ. ಇದೇ ನಾನು ಹೇಳಬೇಕೆಂದು ಕೂತ ಸುದ್ದಿ. ಊರಿಗೆ ಬರುತ್ತಿದ್ದೇವೆ ಎಂದು ಅವರಿಗೆ ಮೊದಲೇ ಗೊತ್ತಿತ್ತು, ನಮಗೇ ಇಲ್ಲಿ ಸಾಕಾಗಿದೆ ಎಂದು ನಿಮ್ಮ ಅಕ್ಕ ಹೇಳಿದ್ದಾರೆ. ಹೊರಹಾಕುತ್ತಿದ್ದಾರೆ ಎಂದರೆ ಗಂಗೊಳ್ಳಿಯಲ್ಲಿ ಮರ್ಯಾದೆ ಹೋಗುತ್ತದಲ್ಲ. ನಾವು ಊರಿಗೆ ಹೋದ ದಿನ ಅಮ್ಮ ಬಾಗಿಲಲ್ಲೇ ನಿಂತು ಮಡಕೆಗೆ ಕೈ ಚಾಚುತ್ತಾರೆ. ಆಗ ಅವರ ಎದುರು ಬರಿಗೈ ತೋರಿಸುವ ಧೈರ್ಯ ನನಗಿಲ್ಲ. ಆದ್ದರಿಂದ ಎಲ್ಲ ಹೇಳಿದೆ. ಮರ ಇಲ್ಲ, ಮಡಕೆ ಇಲ್ಲ, ಮಣ್ಣಿನಲ್ಲಿದ್ದಾರೆ, ಕೊಡುವುದಿಲ್ಲ ಎಂದೆ. ಅವರು ಬೈಯುತ್ತಾರೆ, ಅಳುತ್ತಾರೆ, ನನ್ನ ಮಗನನ್ನು ಏನು ಮಾಡಿದೆ ಎನ್ನುತ್ತಾರೆ ಎಂದು ಗಟ್ಟಿಯಾಗಿ ಕೂತಿದ್ದೆ. ಆದರೆ ಅವರು ಆ ಮಣ್ಣು ಹೊಯ್ಗೆಯೋ ಜೇಡಿಯೋ ಎಂದು ಕೇಳಿದರು. ಮರಳುಕಲ್ಲಿನ ಗುಡ್ಡ ಎಂದೆ. ಮಳೆ ನೀರು ಇಂಗುತ್ತದಾ ಎಂದರು. ಇಂಗುತ್ತದೆ, ನಾನೇ ಕೆಳಗಿನಿಂದ ನೋಡಿದ್ದೇನೆ ಎಂದೆ.

“ಹಾಂಗಾರೆ ನೀವ್ ಬರ್ಬೇಡಿ” ಎಂದರು ಅಮ್ಮ. “ಅವ ಒಬ್ನೇ ಆತ. ನೀ ಮಗಳನ್ನ್ ಕಟ್ಕಂಡ್ ಅಲ್ಲೇ ಇರ್.”

ಮೊಮ್ಮಗಳ ಮುಖ ನೋಡಬೇಕೆಂದು ಎರಡು ವರ್ಷದಿಂದ ಅಮಾವಾಸ್ಯೆ ಎಣಿಸಿದ ಹೆಂಗಸು. ಅಷ್ಟು ಆಸೆಯನ್ನು ಒಂದೇ ಉಸಿರಿನಲ್ಲಿ ಬಿಟ್ಟುಕೊಟ್ಟರು, ನೀವು ಒಂಟಿಯಾಗಬಾರದು ಎಂದು. ನಾವು ಇರಬೇಕೋ ಹೋಗಬೇಕೋ ಎನ್ನುವುದು ನಮ್ಮ ಕೈಯಲ್ಲಿದೆ ಎಂದೇ ಅವರು ತಿಳಿದಿದ್ದಾರೆ. ಇಲ್ಲಮ್ಮ, ನಮ್ಮನ್ನು ಇರಲು ಬಿಡುವುದಿಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

“ಆಯ್ತಮ್ಮ, ಇರ್ತೇವೆ” ಎಂದೆ.

ಶುಕ್ರವಾರ ಬೆಳಿಗ್ಗೆ ನಮ್ಮ ವಿಮಾನ.

ನಿಮ್ಮ
ಸುಜಾತ